ಕಡಲಾಚೆಯಿಂದ ಮರಳಿದವನ ಪಾಸ್‌ಬುಕ್

ಗಲ್ಫ್‌ನಿಂದ ಮರಳಿದವರ ಮನೆಯ ಹಳೆಯ ಕಪಾಟು ತೆರೆದರೆ ಮೂಲೆ ಕತ್ತರಿಸಿದ ರದ್ದಾದ ಪಾಸ್‌ಪೋರ್ಟ್‌ಗಳು ಸಿಗುತ್ತವೆ, ರಬ್ಬರ್ ಬ್ಯಾಂಡ್ ಹಾಕಿದ ಪತ್ರಗಳ ಕಟ್ಟು ಸಿಗುತ್ತದೆ, ಅವುಗಳ ಅಡಿಯಲ್ಲಿ ಅಂಚು ಸವೆದ ಒಂದೆರಡು ಬ್ಯಾಂಕ್ ಪಾಸ್‌ಬುಕ್‌ಗಳೂ ಸಿಗುತ್ತವೆ. ಪಾಸ್‌ಪೋರ್ಟ್ ಅವನು ಎಲ್ಲಿಗೆ ಹೋದನೆಂಬುದನ್ನು ಹೇಳುತ್ತದೆ. ಪತ್ರಗಳು ಅಗಲಿಕೆಯ ಕಥೆಯನ್ನು ಹೇಳುತ್ತವೆ. ಕರಾವಳಿಯ ಮುಸ್ಲಿಮರ ವಲಸೆಯ ಬಗ್ಗೆ ನಾವು ಬರೆದದ್ದೂ ಹಾಡಿದ್ದೂ ಬಹುತೇಕ ಇವೆರಡನ್ನು ಆಧರಿಸಿಯೇ. ಪಾಸ್‌ಬುಕ್ಕನ್ನು ಇತಿಹಾಸದ ದಾಖಲೆಯೆಂದು ಓದುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಇಪ್ಪತ್ತು ವರ್ಷ ಮರುಭೂಮಿಯಲ್ಲಿ ದುಡಿದು, ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಮರಳಿದವನು ಮೊದಲ ವಾರ ನೆಂಟರಿಷ್ಟರನ್ನು ಕಾಣುತ್ತಾನೆ. ಎರಡನೆಯ ವಾರ ಬ್ಯಾಂಕಿಗೆ ಹೋಗುತ್ತಾನೆ. ಕೌಂಟರಿನಲ್ಲಿ ಅವನಿಗೆ ಎದುರಾಗುವ ಮೊದಲ ಪ್ರಶ್ನೆ, 'ನೀವು ನಿವಾಸಿಯೋ ಅನಿವಾಸಿಯೋ?' ಹುಟ್ಟಿದ ಊರಿನಲ್ಲಿ, ತನ್ನ ತಂದೆಯ ಕಬರ್ ಇರುವ ಊರಿನಲ್ಲಿ, ಈ ಪ್ರಶ್ನೆಗೆ ಅವನು ತಬ್ಬಿಬ್ಬಾಗುತ್ತಾನೆ. ಗುಮಾಸ್ತ ಈ ಪ್ರಶ್ನೆಯನ್ನು ಅವಮಾನ ಮಾಡಲೆಂದು ಕೇಳುವುದಿಲ್ಲ. ಅದರ ಹಿಂದೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಅದನ್ನು ತಿಳಿಯದೆ ಹೋದುದಕ್ಕೆ ನಮ್ಮ ಅನೇಕ ಕುಟುಂಬಗಳು ಬೆಲೆ ತೆತ್ತಿವೆ.

ಬ್ಯಾಂಕುಗಳ ತೊಟ್ಟಿಲಲ್ಲಿ

ಗಲ್ಫ್‌ಗೆ ಜನರನ್ನು ಕಳುಹಿಸಿದ ನಮ್ಮ ಕರಾವಳಿಯೇ ಭಾರತೀಯ ಬ್ಯಾಂಕಿಂಗಿನ ತೊಟ್ಟಿಲೂ ಹೌದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ಕೆನರಾ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷದ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ನೇತೃತ್ವದಲ್ಲಿ ಇನ್ನೊಂದು ಬ್ಯಾಂಕ್ ಆರಂಭವಾಯಿತು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಅದು. ಐದು ಸಾವಿರ ರೂಪಾಯಿಗಳ ಬಂಡವಾಳದಿಂದ ಆರಂಭವಾದ ಆ ಬ್ಯಾಂಕಿನಲ್ಲಿ ಮೊದಲ ದಿನದ ಕೊನೆಗಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವುದು ಅದರ ಉದ್ದೇಶಗಳಲ್ಲಿ ಮುಖ್ಯವಾಗಿತ್ತು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಬಾಗಿಲಿಗೇ ಬಂದು ಎರಡಾಣೆಯನ್ನೂ ಠೇವಣಿಯಾಗಿ ಪಡೆದರು.

ಮುಸ್ಲಿಮರಿಗೂ ಬ್ಯಾಂಕಿಗೂ ಸಂಬಂಧವೇ ಇರಲಿಲ್ಲ ಎಂಬ ಮಾತು ಇತಿಹಾಸಕ್ಕೆ ದೂರವಾದುದು. ಉಡುಪಿಯ ಒಬ್ಬ ಹಾಜಿ ಎಲ್ಲ ಸಮುದಾಯಗಳ ಜನರಿಗಾಗಿ ಬ್ಯಾಂಕ್ ಕಟ್ಟಿದ್ದರು. ಆದರೆ ಅಂಥ ನೆಲದಿಂದ ಹೊರಟ ಸಾವಿರಾರು ಯುವಕರು ತಮ್ಮ ಹೆಸರಿನಲ್ಲಿ ಒಂದು ಖಾತೆಯೂ ಇಲ್ಲದೆ ಹಡಗು ಹತ್ತಿದರು ಎಂಬುದೂ ಅಷ್ಟೇ ನಿಜ. ಈ ಎರಡು ಸತ್ಯಗಳ ನಡುವಿನ ಅಂತರವನ್ನು ನಾವು ಅರ್ಥಮಾಡಿಕೊಳ್ಳಬೇಕಾಗಿದೆ.

ರೂಪಾಯಿ ಕಡಲು ದಾಟಿದ್ದ ಕಾಲ

ಇಂದಿನ ಪೀಳಿಗೆಗೆ ನಂಬಲು ಕಷ್ಟವಾಗಬಹುದು. ಒಂದು ಕಾಲದಲ್ಲಿ ಕುವೈತ್, ಬಹ್ರೈನ್, ಕತಾರ್, ದುಬೈ ಮತ್ತು ಒಮಾನ್‌ಗಳಲ್ಲಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. ಮುಂಬಯಿಯಿಂದ ಬಸ್ರಾದವರೆಗೆ ಕೊಲ್ಲಿಯ ಬಂದರುಗಳನ್ನು ಮುಟ್ಟುತ್ತ ಸಾಗುತ್ತಿದ್ದ ಹಡಗಿನಲ್ಲಿ ಹೋದವನು ಅಲ್ಲಿ ಇಳಿದು ಚಹಾ ಕುಡಿದು ರೂಪಾಯಿಯನ್ನೇ ಕೊಡುತ್ತಿದ್ದ. ಊರಿಗೆ ಮರಳಿದಾಗ ಅವನ ಜೇಬಿನಲ್ಲಿದ್ದದ್ದೂ ಅದೇ ರೂಪಾಯಿ. ಆಗ ಅವನಿಗೆ ವಿದೇಶಿ ವಿನಿಮಯದ ಪ್ರಶ್ನೆಯೇ ಬರುತ್ತಿರಲಿಲ್ಲ.

ಈ ವ್ಯವಸ್ಥೆಯನ್ನು ಕೆಡಿಸಿದ್ದು ಚಿನ್ನದ ಕಳ್ಳಸಾಗಣೆ. ಚಿನ್ನಕ್ಕೆ ಬೆಲೆಯಾಗಿ ಹೋದ ರೂಪಾಯಿ ನೋಟುಗಳು ಮತ್ತೆ ನಮ್ಮ ರಿಸರ್ವ್ ಬ್ಯಾಂಕಿಗೇ ಬಂದು ಪೌಂಡಾಗಿ ಪರಿವರ್ತನೆಗೊಳ್ಳುತ್ತಿದ್ದವು. ದೇಶದ ವಿದೇಶಿ ವಿನಿಮಯ ಸೋರತೊಡಗಿತು. ಆದ್ದರಿಂದ 1959ರಲ್ಲಿ ಕೊಲ್ಲಿಗಾಗಿಯೇ ಬೇರೆ ಬಣ್ಣದ, ಕ್ರಮಸಂಖ್ಯೆಗೆ 'ಝಡ್' ಅಕ್ಷರವುಳ್ಳ ವಿಶೇಷ ನೋಟುಗಳನ್ನು ಮುದ್ರಿಸಲಾಯಿತು. ಅವು ಭಾರತದೊಳಗೆ ಚಲಾವಣೆಗೆ ಅಲ್ಲ. ಹಜ್ ಯಾತ್ರಿಕರಿಗಾಗಿಯೂ ಪ್ರತ್ಯೇಕ ನೋಟುಗಳಿದ್ದವು. ಕುವೈತ್ 1961ರಲ್ಲಿ, ಬಹ್ರೈನ್ 1965ರಲ್ಲಿ ಸ್ವಂತ ದೀನಾರ್ ತಂದವು. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಒಂದು ಡಾಲರಿಗೆ 4.76 ಇದ್ದ ದರ 7.50ಕ್ಕೆ ಹೋಯಿತು. ಕತಾರ್ ಮತ್ತು ದುಬೈ ಅದೇ ವರ್ಷ ನಮ್ಮ ರೂಪಾಯಿಯನ್ನು ಕೈಬಿಟ್ಟವು. 1970ರಲ್ಲಿ ಒಮಾನ್ ಕೂಡ ಬಿಟ್ಟಿತು.

ಅಲ್ಲಿಂದ ಮುಂದೆ ಗಲ್ಫ್‌ನ ಗಳಿಕೆ 'ವಿದೇಶಿ ಹಣ'ವಾಯಿತು. ಅದನ್ನು ಗಳಿಸಿದವನು ಕಾನೂನಿನ ದೃಷ್ಟಿಯಲ್ಲಿ ಬೇರೆಯೇ ಒಂದು ವರ್ಗಕ್ಕೆ ಸೇರಿದ.

ಡಾಲರಿಗೆ ತೆರೆದ ಬಾಗಿಲು

ಒಮಾನ್ ರೂಪಾಯಿಯನ್ನು ಬಿಟ್ಟ 1970ರಲ್ಲೇ ಭಾರತದಲ್ಲಿ ಅನಿವಾಸಿಗಳಿಗಾಗಿ ಎನ್‌ಆರ್‌ಇ ಖಾತೆ ಆರಂಭವಾಯಿತು. ಹೊರದೇಶದ ಗಳಿಕೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡಬಹುದು, ಬೇಕೆಂದಾಗ ಮತ್ತೆ ಹೊರಗೆ ಒಯ್ಯಬಹುದು ಎಂಬುದು ಅದರ ಆಕರ್ಷಣೆ. 1975ರಲ್ಲಿ ಡಾಲರ್ ಮತ್ತು ಪೌಂಡಿನಲ್ಲೇ ಠೇವಣಿ ಇಡುವ ಎಫ್‌ಸಿಎನ್‌ಆರ್ ಯೋಜನೆ ಬಂತು. ತೈಲದ ಬೆಲೆ ಏರಿ ಕೊಲ್ಲಿಯಲ್ಲಿ ಕೆಲಸಗಳ ಬಾಗಿಲು ತೆರೆದಿದ್ದ ವರ್ಷಗಳವು. ಒಂದು ಹಂತದಲ್ಲಿ ಈ ಠೇವಣಿಗಳಿಗೆ ದೇಶೀಯ ಠೇವಣಿಗಳಿಗಿಂತ ಹೆಚ್ಚಿನ ಬಡ್ಡಿಯನ್ನೂ ಕೊಡಲಾಯಿತು. ಬಡ್ಡಿಗೆ ಆದಾಯ ತೆರಿಗೆಯೂ ಇರಲಿಲ್ಲ.

ಆದರೆ ಭಟ್ಕಳ, ಉಳ್ಳಾಲ, ಕಾಪುಗಳ ಎಷ್ಟು ಮನೆಗಳಿಗೆ ಈ ಬಾಗಿಲು ತಿಳಿದಿತ್ತು? ದೊಡ್ಡ ಸಂಬಳದ ಇಂಜಿನಿಯರನಿಗೆ ಅದು ಗೊತ್ತಿತ್ತು. ಅಂಗಡಿಯ ಸಹಾಯಕನಿಗೆ, ಚಾಲಕನಿಗೆ, ಅರಬರ ಮನೆಯ ಅಡುಗೆಯವನಿಗೆ ಗೊತ್ತಿರಲಿಲ್ಲ. ಅವನ ಹಣ ಡ್ರಾಫ್ಟಿನ ರೂಪದಲ್ಲಿ, ಊರಿಗೆ ಹೊರಟ ಗೆಳೆಯನ ಕೈಯಲ್ಲಿ, ಇಲ್ಲವೇ ಹುಂಡಿಯವನ ಮೂಲಕ ಬರುತ್ತಿತ್ತು. ಡ್ರಾಫ್ಟ್ ಬಂದರೆ ಅದು ತಂದೆಯ ಅಥವಾ ಅಣ್ಣನ ಖಾತೆಗೆ ಹೋಗುತ್ತಿತ್ತು. ಮನೆ ಕಟ್ಟಿದ್ದು, ತಂಗಿಯರ ಮದುವೆಯಾದದ್ದು, ಮಸೀದಿಗೆ ಚಂದಾ ಕೊಟ್ಟದ್ದು ಎಲ್ಲವೂ ಅದೇ ಹಣದಲ್ಲಿ. ದುಡಿದವನ ಹೆಸರು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಕೊನೆಗೆ ಅವನು ಮರಳಿದಾಗ ಅಣ್ಣತಮ್ಮಂದಿರ ನಡುವೆ ಲೆಕ್ಕದ ಮಾತು ಎದ್ದರೆ, ತಾನು ಕಳುಹಿಸಿದ್ದಕ್ಕೆ ಅವನ ಬಳಿ ಸಾಕ್ಷಿಯೇ ಇರುತ್ತಿರಲಿಲ್ಲ. ಇಂಥ ಪಂಚಾಯಿತಿಗಳನ್ನು ನಮ್ಮ ಜಮಾಅತ್‌ಗಳು ಎಷ್ಟು ನಡೆಸಿವೆ ಎಂಬುದು ಊರಿನ ಹಿರಿಯರಿಗೆ ಗೊತ್ತು. ಸಾಲ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇಟ್ಟುಕೊಳ್ಳಿ ಎಂದು ಕುರ್‌ಆನ್ ಅಲ್ ಬಕರಾ ಅಧ್ಯಾಯದಲ್ಲಿ ವಿವರವಾಗಿ ಆದೇಶಿಸಿದೆ. ಅದನ್ನು ಸ್ವಂತ ಮನೆಯೊಳಗೆ ಪಾಲಿಸಲು ನಾವು ಸಂಕೋಚಪಟ್ಟೆವು.

ಹೆಂಡತಿಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಊರಿನಲ್ಲಿರುವ ಸಂಬಂಧಿಯನ್ನು ಎನ್‌ಆರ್‌ಇ ಖಾತೆಗೆ ಜಂಟಿಯಾಗಿ ಸೇರಿಸಲು 2011ರವರೆಗೆ ಅವಕಾಶವಿರಲಿಲ್ಲ. ಗಂಡ ಅಧಿಕಾರಪತ್ರ ಬರೆದುಕೊಟ್ಟಿದ್ದರೆ ಮಾತ್ರ ಅವಳು ಹಣ ತೆಗೆಯಬಹುದಿತ್ತು. ಆ ಅಧಿಕಾರಪತ್ರ ಹೆಚ್ಚಾಗಿ ಮನೆಯ ಗಂಡಸೊಬ್ಬನ ಹೆಸರಿಗೆ ಹೋಗುತ್ತಿತ್ತು. ವರ್ಷಗಟ್ಟಲೆ ಮನೆ ನಡೆಸಿದ, ಮಕ್ಕಳನ್ನು ಓದಿಸಿದ ಹೆಣ್ಣುಮಗಳು ಮೀನಿನ ಹಣಕ್ಕೂ ಮೈದುನನ ಕೈ ನೋಡಬೇಕಾಯಿತು.

ಕುವೈತ್ ಕಲಿಸಿದ ಪಾಠ

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಭಾರತೀಯರು ಸುಮಾರು 1.7 ಲಕ್ಷ. ಬಸ್ರಾ, ಬಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟಗಳ ಮೂಲಕ ಕರೆತಂದಿತು. ಹೀಗೆ ಬಂದವರು ಒಂದು ಲಕ್ಷಕ್ಕೂ ಹೆಚ್ಚು. ಇಷ್ಟೊಂದು ನಾಗರಿಕರನ್ನು ವಿಮಾನದಲ್ಲಿ ತೆರವುಗೊಳಿಸಿದ ಉದಾಹರಣೆ ಜಗತ್ತಿನಲ್ಲೇ ಅಪರೂಪ.

ಅವರಲ್ಲಿ ಅನೇಕರ ಕೈಯಲ್ಲಿ ಒಂದು ಚೀಲವಿತ್ತು, ಅದರಲ್ಲಿ ಕುವೈತಿ ದೀನಾರ್ ನೋಟುಗಳಿದ್ದವು. ಜಗತ್ತಿನ ಅತ್ಯಂತ ಬೆಲೆಬಾಳುವ ನಾಣ್ಯಗಳಲ್ಲಿ ಒಂದಾಗಿದ್ದ ದೀನಾರನ್ನು ಆಕ್ರಮಣಕಾರರು ಇರಾಕಿ ದೀನಾರಿಗೆ ಸಮವೆಂದು ಸಾರಿದರು. 1991ರ ಮಾರ್ಚ್‌ನಲ್ಲಿ, ವಿಮೋಚನೆಯ ನಂತರ, ಕುವೈತ್ ಹೊಸ ನೋಟುಗಳನ್ನು ತಂದು ಹಳೆಯದನ್ನು ಹಿಂತೆಗೆದುಕೊಂಡಿತು. ಅಲ್ಲಿನ ಬ್ಯಾಂಕಿನಲ್ಲಿ ಹಣವಿಟ್ಟವನು ತಿಂಗಳುಗಟ್ಟಲೆ ಅದನ್ನು ಮುಟ್ಟಲಾಗಲಿಲ್ಲ. ಊರಿನ ಖಾತೆಗೆ ಆಗಾಗ ಕಳುಹಿಸಿದವನು ಮಾತ್ರ ಉಳಿದುಕೊಂಡ.

ನಂತರ ವಿಶ್ವಸಂಸ್ಥೆಯ ಪರಿಹಾರ ಆಯೋಗ ರಚನೆಯಾಯಿತು. ಕುವೈತ್ ಅಥವಾ ಇರಾಕನ್ನು ಬಿಟ್ಟು ಬರಬೇಕಾದ ವ್ಯಕ್ತಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ಎಂಬ ನಿಗದಿತ ಪರಿಹಾರವಿತ್ತು. ಬೇರೆ ಯಾವ ಬೇಡಿಕೆಯನ್ನೂ ಸಲ್ಲಿಸದವರಿಗೆ ಇದು 4,000 ಮತ್ತು 8,000 ಡಾಲರ್. ಹಣ ಇರಾಕಿನ ತೈಲದ ಆದಾಯದಿಂದ ಬರಬೇಕಿತ್ತು. ಹೀಗಾಗಿ ಅದು ವರ್ಷಗಳ ನಂತರ, ಸರಕಾರದ ಮೂಲಕ, ಕಂತುಗಳಲ್ಲಿ ಬಂತು. ಅರ್ಜಿ ತುಂಬಿದವನ ಹೆಸರು, ವಿಳಾಸ, ದಾಖಲೆ ಸರಿಯಾಗಿದ್ದರೆ ಮಾತ್ರ ಅದು ಕೈಸೇರುವಂತಿತ್ತು. ಆ ಆಯೋಗ ತನ್ನ ಕೊನೆಯ ಪಾವತಿಯನ್ನು ಮಾಡಿದ್ದು 2022ರ ಜನವರಿಯಲ್ಲಿ. ಮರಳಿದವನ ಕಾಗದಪತ್ರಗಳಿಗೆ ಎಷ್ಟು ದೀರ್ಘ ಆಯುಷ್ಯವಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅದೇ ಯುದ್ಧ ದೇಶದ ಬೊಕ್ಕಸವನ್ನೂ ಅಲುಗಾಡಿಸಿತು. ತೈಲದ ವೆಚ್ಚ ಏರಿತು, ಗಲ್ಫ್‌ನ ಹಣ ಇಳಿಯಿತು, ಅನಿವಾಸಿ ಠೇವಣಿಗಳು ಹೊರಗೆ ಹರಿದವು. 1991ರ ಮಧ್ಯಭಾಗಕ್ಕೆ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದಿತ್ತು. ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಸಾಗಿಸಿ ಒತ್ತೆಯಿಡಲಾಯಿತು. ಆಮೇಲೆ ಕಷ್ಟ ಬಂದಾಗಲೆಲ್ಲ ದೇಶ ಅನಿವಾಸಿಗಳ ಕಡೆ ನೋಡಿತು. 1998ರ ರಿಸರ್ಜೆಂಟ್ ಇಂಡಿಯಾ ಬಾಂಡ್‌ಗಳಿಂದ 420 ಕೋಟಿ ಡಾಲರ್, 2000ದ ಮಿಲೆನಿಯಂ ಠೇವಣಿಯಿಂದ 550 ಕೋಟಿ ಡಾಲರ್, 2013ರಲ್ಲಿ ರೂಪಾಯಿ ಕುಸಿದಾಗ ಎಫ್‌ಸಿಎನ್‌ಆರ್ ಮೂಲಕ ಸುಮಾರು 2,600 ಕೋಟಿ ಡಾಲರ್ ಬಂತು. ಹೊರಗಿರುವವನ ಹಣಕ್ಕೆ ದೇಶ ಇಷ್ಟು ಬಾರಿ ಕೈಚಾಚಿದೆ. ಹಣ ಮುಗಿಸಿಕೊಂಡು ಮರಳಿ ಬಂದವನಿಗಾಗಿ ಏನು ಮಾಡಿದೆ?

ಫೆರಾದಿಂದ ಫೆಮಾಗೆ

1973ರ ಫೆರಾ ಕಾಯಿದೆಯಲ್ಲಿ ವಿದೇಶಿ ಹಣವನ್ನು ಇಟ್ಟುಕೊಳ್ಳುವುದೇ ಅಪರಾಧವಾಗುವ ಸಾಧ್ಯತೆ ಇತ್ತು, ಜೈಲಿಗೂ ಅವಕಾಶವಿತ್ತು. ಊರಿಗೆ ಮರಳಿದವನು ಹೊರಗಿನ ಖಾತೆಯ ವಿಷಯ ಬಾಯಿಬಿಡಲು ಹೆದರುತ್ತಿದ್ದ. 1992ರಲ್ಲಿ ಮರಳಿದವರಿಗೆಂದೇ ಆರ್‌ಎಫ್‌ಸಿ ಖಾತೆ ಬಂತು. ಅದು ಭಾರತದ ಬ್ಯಾಂಕಿನಲ್ಲಿ ವಿದೇಶಿ ನಾಣ್ಯದಲ್ಲೇ ನಡೆಯುವ ಖಾತೆ. 2000ದ ಜೂನ್ 1ರಿಂದ ಫೆರಾದ ಬದಲಿಗೆ ಫೆಮಾ ಜಾರಿಯಾಯಿತು. ಉಲ್ಲಂಘನೆ ಕ್ರಿಮಿನಲ್ ಅಪರಾಧದ ಬದಲಿಗೆ ದಂಡದ ವಿಷಯವಾಯಿತು. ಹೊರಗಿದ್ದಾಗ ನ್ಯಾಯವಾಗಿ ಗಳಿಸಿದ ಹಣವನ್ನೂ ಆಸ್ತಿಯನ್ನೂ ಮರಳಿದ ಮೇಲೂ ಹೊರಗೇ ಇಟ್ಟುಕೊಳ್ಳಬಹುದೆಂದು ಅದರ 6ನೇ ಕಲಮಿನ 4ನೇ ಉಪಕಲಮು ಸ್ಪಷ್ಟಪಡಿಸಿತು.

ಇದರ ಜೊತೆಗೆ ಒಂದು ಕರ್ತವ್ಯವೂ ಬಂತು. ನೆಲೆಸಲೆಂದು ಅಥವಾ ಕೆಲಸಕ್ಕೆಂದು ಮರಳಿದವನು ಬ್ಯಾಂಕಿಗೆ ತಿಳಿಸಬೇಕು. ಅವನ ಎನ್‌ಆರ್‌ಇ ಖಾತೆ ನಿವಾಸಿ ಖಾತೆಯಾಗಬೇಕು, ಇಲ್ಲವೇ ಹಣ ಆರ್‌ಎಫ್‌ಸಿಗೆ ಹೋಗಬೇಕು. ಎನ್‌ಆರ್‌ಓ ಖಾತೆಯೂ ನಿವಾಸಿ ಖಾತೆಯಾಗಬೇಕು. ವಿದೇಶಿ ನಾಣ್ಯದ ಎಫ್‌ಸಿಎನ್‌ಆರ್ ಠೇವಣಿ ಅವಧಿ ಮುಗಿಯುವವರೆಗೆ ಮುಂದುವರಿಯಬಹುದು. ನಿವಾಸಿಯಾದ ಮೇಲೆ ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿ ನಿಲ್ಲುತ್ತದೆ. ಇಲ್ಲಿ ನಮ್ಮವರು ಎಡವುವುದು ಒಂದು ಗೊಂದಲದಿಂದ. ಆದಾಯ ತೆರಿಗೆಯ ಕಾಯಿದೆ ದೇಶದಲ್ಲಿದ್ದ ದಿನಗಳನ್ನು ಎಣಿಸುತ್ತದೆ. ಫೆಮಾ ದಿನಗಳ ಜೊತೆಗೆ ಬಂದ ಉದ್ದೇಶವನ್ನೂ ನೋಡುತ್ತದೆ. 'ಇನ್ನೂ ಆರು ತಿಂಗಳು ಕಳೆದಿಲ್ಲವಲ್ಲ' ಎಂದು ಹಳೆಯ ಖಾತೆಯನ್ನು ಹಾಗೆಯೇ ಬಿಟ್ಟವರು ವರ್ಷಗಳ ನಂತರ ತೊಡಕಿಗೆ ಸಿಲುಕುತ್ತಾರೆ.

ಪರಿಚಯದ ಸಹಿ

ಹೊಸ ಖಾತೆ ತೆರೆಯುವವನಿಗೆ ಬಹುಕಾಲ ಇದ್ದ ಇನ್ನೊಂದು ಅಡ್ಡಿ ಪರಿಚಯದ ಸಹಿ. ಅದೇ ಶಾಖೆಯಲ್ಲಿ ಖಾತೆಯುಳ್ಳ ಒಬ್ಬರು ನಮೂನೆಯ ಮೇಲೆ ಸಹಿ ಹಾಕಬೇಕಿತ್ತು. ಹದಿನೆಂಟಕ್ಕೆ ಊರು ಬಿಟ್ಟು ನಲವತ್ತೈದಕ್ಕೆ ಮರಳಿದವನಿಗೆ ಪೇಟೆಯಲ್ಲಿ ಪರಿಚಯದವರು ಯಾರು? ನಮ್ಮ ಬಂಧುವೊಬ್ಬರ ಜೊತೆ ಹೀಗೆ ಒಂದು ಶಾಖೆಗೆ ನಾವೂ ಹೋಗಿದ್ದೆವು. ಮೂರು ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟರೂ ಸಹಿ ಹಾಕುವವರನ್ನು ಕರೆತನ್ನಿ ಎಂಬ ಉತ್ತರವೇ ಬಂತು. ಕೊನೆಗೆ ಎದುರಿನ ದಿನಸಿ ಅಂಗಡಿಯ ಶೆಣೈ ಮಾಮ್ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಸಹಿ ಹಾಕಿದರು. ಬಂಧುವಿನ ತಂದೆ ಅವರ ಅಂಗಡಿಯಲ್ಲಿ ಲೆಕ್ಕದ ಪುಸ್ತಕ ಇಟ್ಟಿದ್ದರಂತೆ. ನಿಯಮ ಗುರುತಿಸದ ಮನುಷ್ಯನನ್ನು ಊರು ಗುರುತಿಸಿತು.

2002ರಿಂದ ಗ್ರಾಹಕರ ಗುರುತಿನ ನಿಯಮಗಳು ಬಿಗಿಯಾದವು. ಆದರೆ 2012ರ ಕೊನೆಗೆ ಪರಿಚಯದ ಸಹಿ ಬೇಕಿಲ್ಲವೆಂದು ರಿಸರ್ವ್ ಬ್ಯಾಂಕ್ ಹೇಳಿತು. ಪಾಸ್‌ಪೋರ್ಟ್ ತಾನೇ ಅಧಿಕೃತ ಗುರುತಿನ ದಾಖಲೆ. ಪಾನ್ ಕಾರ್ಡ್ ಇಲ್ಲದವನು ಅದರ ಬದಲು ಘೋಷಣೆಯ ನಮೂನೆ ತುಂಬಬಹುದು. ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯವಲ್ಲವೆಂದು 2018ರ ಸೆಪ್ಟೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ನಿಯಮ ಹೀಗಿದ್ದರೂ ಕೌಂಟರಿನ ಅನುಭವ ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ. ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು 'ನಕಾರಾತ್ಮಕ ವಲಯ'ಗಳೆಂದು ಗುರುತಿಸಿ ಸಾಲಸೌಲಭ್ಯ ಕೊಡಲು ಹಿಂಜರಿಯುವುದನ್ನು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ.

2020ರ ಮೇ ತಿಂಗಳಲ್ಲಿ ಕೊರೊನಾದ ನಡುವೆ ವಿಶೇಷ ವಿಮಾನಗಳಲ್ಲಿ ಮಂಗಳೂರಿಗೆ ಇಳಿದವರಿಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಆ ವರ್ಷದ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದ್ದವು. ವಿಜಯಾ ಬ್ಯಾಂಕ್ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾ ಸೇರಿತ್ತು. ಕಪಾಟಿನ ಪಾಸ್‌ಬುಕ್ಕಿನ ಮೇಲಿನ ಹೆಸರು ಪೇಟೆಯ ಫಲಕದ ಮೇಲೆ ಇರಲಿಲ್ಲ. ಹಾಜಿ ಅಬ್ದುಲ್ಲಾರ ಬ್ಯಾಂಕನ್ನು ಹುಡುಕಿಕೊಂಡು ಬಂದವನು ಬೇರೆ ಹೆಸರಿನ ಬಾಗಿಲನ್ನು ತಟ್ಟಬೇಕಾಯಿತು.

ಹೆಸರು ಹೋದರೂ ಹಣ ಹೋಗುವುದಿಲ್ಲ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ 2014ರಲ್ಲಿ ಸ್ಥಾಪನೆಯಾದ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಆಮೇಲೂ ಠೇವಣಿದಾರನಾಗಲಿ ವಾರಸುದಾರರಾಗಲಿ ಅದನ್ನು ಕೇಳಿ ಪಡೆಯಬಹುದು. ಇಂಥ ಖಾತೆಗಳನ್ನು ಹುಡುಕಲೆಂದೇ 2023ರ ಆಗಸ್ಟ್‌ನಲ್ಲಿ 'ಉದ್ಗಮ್' ಎಂಬ ಜಾಲತಾಣ ಬಂದಿದೆ. ಗಲ್ಫ್‌ನಲ್ಲೇ ತೀರಿಕೊಂಡವರ ಎಷ್ಟು ಪಾಸ್‌ಬುಕ್‌ಗಳು ನಮ್ಮ ಅಟ್ಟಗಳ ಮೇಲೆ ಧೂಳು ತಿನ್ನುತ್ತಿವೆಯೋ! ಅವು ಅನಾಥ ಮಕ್ಕಳ ಹಕ್ಕು.

ಬಡ್ಡಿಯ ಪ್ರಶ್ನೆ

ನಮ್ಮವರು ಬ್ಯಾಂಕಿನಿಂದ ದೂರ ಉಳಿಯಲು ಬಡ್ಡಿಯ ಭಯವೂ ಒಂದು ಕಾರಣ. ಈ ಭಯವನ್ನು ನಾವು ಹಗುರವಾಗಿ ಕಾಣಲಾರೆವು, ಅದು ಈಮಾನಿಗೆ ಸಂಬಂಧಿಸಿದ್ದು. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶ ಕೊಡುವಂತೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಮುಂದುವರಿಸದಿರಲು ನಿರ್ಧರಿಸಿತು. ಹೀಗಿರುವಾಗ ಕೆಲವರು ಬಡ್ಡಿಯೇ ಇಲ್ಲದ ಚಾಲ್ತಿ ಖಾತೆ ತೆರೆಯುತ್ತಾರೆ. ಇನ್ನು ಕೆಲವರು ಉಳಿತಾಯ ಖಾತೆಗೆ ಬಂದ ಬಡ್ಡಿಯನ್ನು ಬೇರೆ ತೆಗೆದು, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡುತ್ತಾರೆ. ವಿವರಗಳಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯಗಳಿವೆ, ಅದನ್ನು ಅವರಲ್ಲೇ ಕೇಳಿ ತಿಳಿಯಬೇಕು. ಆದರೆ ಬಡ್ಡಿಯನ್ನು ಬಿಡುವುದು ಬೇರೆ, ಲೆಕ್ಕವನ್ನೇ ಬಿಡುವುದು ಬೇರೆ. ಬಡ್ಡಿಗೆ ಹೆದರಿ ಹಣವನ್ನು ಬಾಯಿಮಾತಿನ ಮೇಲೆ ಯಾರದೋ ವ್ಯಾಪಾರಕ್ಕೆ ಕೊಟ್ಟು, ಅಸಲನ್ನೂ ಕಳೆದುಕೊಂಡವರನ್ನು ನಾವು ಪ್ರತಿ ಊರಿನಲ್ಲೂ ಕಾಣುತ್ತೇವೆ.

2023-24ರಲ್ಲಿ ದೇಶಕ್ಕೆ ಬಂದ ಹೊರನಾಡಿನ ಹಣ ಸುಮಾರು 11,870 ಕೋಟಿ ಡಾಲರ್ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಕರ್ನಾಟಕದ ಪಾಲು ಶೇ. 7.7. ಅಮೆರಿಕದಿಂದ ಬರುವ ಪಾಲು ಈಗ ಗಲ್ಫ್‌ನ ಯಾವುದೇ ಒಂದು ದೇಶದ ಪಾಲಿಗಿಂತ ದೊಡ್ಡದು. ಕಾಲ ಬದಲಾಗುತ್ತಿದೆ, ಮರಳುವವರು ಹೆಚ್ಚುತ್ತಿದ್ದಾರೆ. ನಮ್ಮ ಜಮಾಅತ್‌ಗಳು ಹಜ್‌ಗೆ ಹೊರಡುವವರಿಗೆ ತರಬೇತಿ ಶಿಬಿರ ನಡೆಸುತ್ತವೆ. ದುಡಿಮೆಗೆ ಹೊರಡುವವರಿಗೂ ದುಡಿದು ಮರಳುವವರಿಗೂ ಅಂಥದೊಂದು ಶಿಬಿರ ಏಕೆ ಬೇಡ? ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಒಂದು ಗಂಟೆ ಬ್ಯಾಂಕ್ ಬಲ್ಲವರೊಬ್ಬರನ್ನು ಕೂರಿಸಿದರೆ ಸಾಕು. ಅವರು ಸಹೋದರ ಸಮುದಾಯದವರಾದರೆ ಇನ್ನೂ ಒಳ್ಳೆಯದು. ಖಾತೆ ಅವನ ಹೆಸರಿನಲ್ಲಿರಲಿ, ನಾಮಿನಿಯ ಜಾಗ ಖಾಲಿ ಇರದಿರಲಿ, ಹೆಂಡತಿಗೆ ಅದರ ಅರಿವಿರಲಿ.

ನಮ್ಮ ಬಂಧುವಿನ ಆ ಖಾತೆ ಇಂದಿಗೂ ಇದೆ. ಸಹಿ ಹಾಕಿದ ಅಂಗಡಿಯ ಯಜಮಾನರು ಈಗಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಪರಿಚಯಿಸಿದವರು ಎಂಬ ಸಾಲಿನಲ್ಲಿ ಅವರ ಖಾತೆಯ ಸಂಖ್ಯೆ ಮಾತ್ರ ಉಳಿದಿದೆ. ಅದನ್ನು ಅಳಿಸಬೇಡಿ ಎಂದು ಬಂಧು ಮಕ್ಕಳಿಗೆ ಹೇಳಿದ್ದಾರೆ.